ಅಪ್‌ಡೇಟ್ ಆದದ್ದು ವಾಚ್, ಕೆಟ್ಟದ್ದು ನಿದ್ದೆಯಾ?

ನಮ್ಮ ಸ್ಲೀಪ್ ಕ್ಲಿನಿಕ್‌ಗೆ ಬರುವವರಲ್ಲಿ ಈಚೆಗೆ ಒಂದು ಹೊಸ ಗುಂಪು ಸೇರಿಕೊಂಡಿದೆ. ಇವರಿಗೆ ಗೊರಕೆ ಇರುವುದಿಲ್ಲ. ಹಗಲು ತೂಕಡಿಕೆಯೂ ಇರುವುದಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲೇ ಸ್ಮಾರ್ಟ್‌ವಾಚ್ ಲೆಕ್ಕ ಹಾಕಿದ ನಿದ್ದೆಯ ಗ್ರಾಫ್ ತೆರೆದು ಫೋನ್ ಮುಂದೆ ಹಿಡಿಯುತ್ತಾರೆ. "ನೋಡಿ ಡಾಕ್ಟ್ರೇ, ಹೋದ ತಿಂಗಳವರೆಗೆ ಡೀಪ್ ಸ್ಲೀಪ್ ಒಂದೂವರೆ ಗಂಟೆ ಇತ್ತು. ಈಗ ನಲವತ್ತು ನಿಮಿಷ ದಾಟುತ್ತಿಲ್ಲ. ಏನಾಗಿದೆ ನನಗೆ?" ಗ್ರಾಫ್ ನೋಡಿದರೆ, ಒಂದು ದಿನದವರೆಗೆ ಎತ್ತರದಲ್ಲಿದ್ದ ಗೆರೆ ಮರುದಿನ ಕೆಳಗೆ ಬಿದ್ದು ಅಲ್ಲೇ ಸಮತಟ್ಟಾಗಿ ಸಾಗಿರುತ್ತದೆ. ಇಂಥ ಗೆರೆ ಕಂಡರೆ ನಾನು ಮೊದಲು ಕೇಳುವುದು, ವಾಚ್ ಯಾವತ್ತು ಅಪ್‌ಡೇಟ್ ಆಯಿತು ಅಂತ.

ಮನುಷ್ಯರ ನಿದ್ದೆ ಕೆಡುವ ರೀತಿಯೇ ಬೇರೆ. ಒಂದು ರಾತ್ರಿ ಚೆನ್ನಾಗಿರುತ್ತದೆ, ಎರಡು ರಾತ್ರಿ ಹಾಳಾಗುತ್ತದೆ, ವಾರದ ಕೊನೆಗೆ ಸ್ವಲ್ಪ ಸುಧಾರಿಸುತ್ತದೆ. ಗೆರೆ ಓಲಾಡುತ್ತಾ ಇಳಿಯುತ್ತದೆ. ಒಂದೇ ರಾತ್ರಿಯಲ್ಲಿ ಅರ್ಧಕ್ಕೆ ಇಳಿದು ವಾರಗಟ್ಟಲೆ ಅಲ್ಲೇ ನಿಂತಿದೆ ಅಂದರೆ, ಬಹುತೇಕ ಬದಲಾಗಿರುವುದು ಲೆಕ್ಕ ಹಾಕುವ ಸೂತ್ರ. ಅಳೆಯುವ ಪಾವು ಬದಲಾದರೆ ಡಬ್ಬದಲ್ಲಿರುವ ಅಕ್ಕಿ ಕಡಿಮೆಯಾಗುವುದಿಲ್ಲ, ಅಲ್ವಾ?

ಇದು ಅರ್ಥವಾಗಬೇಕಾದರೆ ವಾಚ್ ನಿದ್ದೆಯನ್ನು ಹೇಗೆ ಅಳೆಯುತ್ತದೆ ಅಂತ ತಿಳಿಯಬೇಕು. ನಿಜ ಹೇಳಬೇಕೆಂದರೆ ಅಳೆಯುವುದಿಲ್ಲ, ಊಹಿಸುತ್ತದೆ.

ಲ್ಯಾಬ್‌ನಲ್ಲಿ ಸ್ಲೀಪ್ ಸ್ಟಡಿ ಮಾಡುವಾಗ ನಾವು ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಕಾಲಿಗೆ ವೈರ್ ಅಂಟಿಸುತ್ತೇವೆ. ಮೂಗಿನ ಬಳಿ ಉಸಿರಾಟದ ಸೆನ್ಸರ್, ಎದೆಗೂ ಹೊಟ್ಟೆಗೂ ಬೆಲ್ಟ್, ಬೆರಳಿಗೆ ಆಕ್ಸಿಜನ್ ಕ್ಲಿಪ್. ಆಮೇಲೆ ಟೆಕ್ನಿಷಿಯನ್ ಇಡೀ ರಾತ್ರಿಯ ರೆಕಾರ್ಡಿಂಗನ್ನು 30 ಸೆಕೆಂಡಿನ ತುಣುಕುಗಳಾಗಿ ಓದುತ್ತಾರೆ. ಏಳು ಗಂಟೆಗೆ 840 ತುಣುಕು. ಒಂದೊಂದಕ್ಕೂ ಎಚ್ಚರ, ಎನ್1, ಎನ್2, ಎನ್3 ಅಥವಾ ರೆಮ್ ಅಂತ ಹೆಸರು ಹಾಕಬೇಕು. ಎನ್1, ಎನ್2 ಅಂದರೆ ಹಗುರ ನಿದ್ದೆ, ರೆಮ್ ಅಂದರೆ ಕನಸು ಹೆಚ್ಚಾಗಿ ಬೀಳುವ ಹಂತ. ಎನ್3 ಅಂದರೆ ಗಾಢ ನಿದ್ದೆ, ವಾಚ್ ಭಾಷೆಯಲ್ಲಿ ಡೀಪ್. ಹಾಗೆ ಬರೆಯಬೇಕಾದರೆ ಆ 30 ಸೆಕೆಂಡಿನಲ್ಲಿ ಶೇ 20ರಷ್ಟು ಹೊತ್ತಾದರೂ ಮಿದುಳಿನ ನಿಧಾನದ, ದೊಡ್ಡ ಅಲೆಗಳು ಕಾಣಬೇಕು. ಅಲೆಯ ಎತ್ತರ 75 ಮೈಕ್ರೋವೋಲ್ಟ್ ದಾಟಬೇಕು. ಗಾಢ ನಿದ್ದೆಯ ಸಾಕ್ಷಿ ಇರುವುದು ತಲೆಯಲ್ಲಿ. ವಾಚ್ ಇರುವುದು ಮಣಿಕಟ್ಟಿನಲ್ಲಿ.

ಮಣಿಕಟ್ಟಿನಲ್ಲಿ ಅದಕ್ಕೆ ಸಿಗುವುದು ಮುಖ್ಯವಾಗಿ ಎರಡು ಸುಳಿವು. ಒಂದು, ಕೈಯ ಅಲುಗಾಟ. ಇನ್ನೊಂದು ನಾಡಿ. ಹಸಿರು ಬೆಳಕನ್ನು ಚರ್ಮದೊಳಗೆ ಬಿಟ್ಟು, ರಕ್ತದ ಏರಿಳಿತದಿಂದ ನಾಡಿಯನ್ನು ಓದುತ್ತದೆ. ಗಾಢ ನಿದ್ದೆಯಲ್ಲಿ ನಾಡಿ ನಿಧಾನವಾಗಿ, ಕ್ರಮವಾಗಿ ಬಡಿಯುತ್ತದೆ. ರೆಮ್‌ನಲ್ಲಿ ಮೈಯ ಸ್ನಾಯುಗಳು ಪೂರ್ತಿ ಸಡಿಲವಾಗಿರುತ್ತವೆ, ಆದರೆ ನಾಡಿಯೂ ಉಸಿರೂ ಏರುಪೇರಾಗುತ್ತವೆ. ಲ್ಯಾಬ್‌ನ ವೈರ್, ಕೈಯಲ್ಲಿ ವಾಚ್ ಎರಡನ್ನೂ ಹಾಕಿಕೊಂಡು ಮಲಗಿದವರ ದಾಖಲೆಗಳನ್ನು ಇಟ್ಟುಕೊಂಡು, ಯಾವ ಥರದ ನಾಡಿ ಯಾವ ಹಂತಕ್ಕೆ ಹೊಂದುತ್ತದೆ ಅಂತ ಕಂಪ್ಯೂಟರ್‌ಗೆ ಕಲಿಸುತ್ತಾರೆ. ಫಿಟ್‌ಬಿಟ್ 2017ರಲ್ಲಿ ಹೀಗೆ ಹಂತಗಳನ್ನು ತೋರಿಸಲು ಶುರು ಮಾಡಿತು. ಆಪಲ್ ವಾಚ್‌ಗೆ ಅದು ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ, ಅದೂ ಒಂದು ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲೇ. ಕೈಯಲ್ಲಿದ್ದ ವಾಚ್ ಅದೇ, ಸೆನ್ಸರ್ ಅದೇ. ಅಲ್ಲಿಯವರೆಗೆ ಇಲ್ಲದ ಡೀಪ್ ಸ್ಲೀಪ್ ಪರದೆ ಮೇಲೆ ಬಂದು ಕೂತಿತು. ಸಾಫ್ಟ್‌ವೇರ್‌ನಿಂದಲೇ ಹುಟ್ಟಿದ ಅಂಕಿ ಸಾಫ್ಟ್‌ವೇರ್ ಬದಲಾದಾಗ ಬದಲಾದರೆ ಆಶ್ಚರ್ಯಪಡಬೇಕಾಗಿಲ್ಲ.

ವಾಚ್‌ಗೆ ತುಂಬಾ ತೊಡಕಾಗುವುದು ಕಣ್ಣು ಮುಚ್ಚಿ ಸುಮ್ನೆ ಮಲಗಿರುವ ಎಚ್ಚರ. ಕೈಯ ಅಲುಗಾಟದಿಂದ ನಿದ್ದೆ ಲೆಕ್ಕ ಹಾಕುವ ಸೂತ್ರಗಳನ್ನು 1990ರ ದಶಕದಿಂದಲೂ ನಮ್ಮ ಕ್ಷೇತ್ರದಲ್ಲಿ ಬಳಸುತ್ತಿದ್ದೇವೆ. ನಿದ್ದೆಯನ್ನು ನಿದ್ದೆ ಎಂದು ಗುರುತಿಸುವುದರಲ್ಲಿ ಅವು ಗಟ್ಟಿ. ಎಚ್ಚರವನ್ನು ಎಚ್ಚರ ಎಂದು ಹಿಡಿಯುವುದರಲ್ಲಿ ಬಲು ದುರ್ಬಲ. ಸಾಲದ ಕಂತು ನೆನೆಸಿಕೊಂಡು ಒಂದು ಗಂಟೆ ಅಲುಗಾಡದೆ ಬಿದ್ದಿದ್ದವರೂ ಆ ಲೆಕ್ಕದಲ್ಲಿ ಸುಖವಾಗಿ ಮಲಗಿದ್ದವರೇ. ನಾಡಿಯ ಮಾಹಿತಿ ಸೇರಿದ ಮೇಲೆ ಪರಿಸ್ಥಿತಿ ಸುಧಾರಿಸಿದೆ, ಆದರೂ ಗಡಿ ಮಸುಕಾಗಿಯೇ ಇದೆ. ಅದನ್ನು ಎಲ್ಲಿ ಎಳೆಯಬೇಕು ಅಂತ ತೀರ್ಮಾನಿಸುವವರು ಕಂಪನಿಯ ಎಂಜಿನಿಯರ್‌ಗಳು. ಗಡಿಯನ್ನು ಸ್ವಲ್ಪ ಆಚೆ ಸರಿಸಿದರೆ ನಿಮ್ಮ ಅರ್ಧ ಗಂಟೆ ನಿದ್ದೆ ಮಾಯ. ಈಚೆ ಸರಿಸಿದರೆ ಅರ್ಧ ಗಂಟೆ ಲಾಭ.

ನನ್ನ ತಕರಾರು ಇರುವುದು ಇಲ್ಲಿ. ಅಂಕಿ ಕಡಿಮೆಯಾದ ತಕ್ಷಣ "ಅಪ್‌ಡೇಟ್ ಆದ ಮೇಲೆ ವಾಚ್ ಹಾಳಾಯ್ತು" ಎನ್ನುತ್ತೇವೆ. ಹಳೆಯ ಅಂಕಿ ಸರಿಯಿತ್ತು ಎನ್ನುವುದಕ್ಕೆ ಏನು ಆಧಾರ? ಮೊದಲು ಎಚ್ಚರವನ್ನೂ ನಿದ್ದೆಗೆ ಸೇರಿಸುತ್ತಿದ್ದ ವಾಚ್ ಈಗ ಬಿಗಿಯಾಗಿರಬಹುದು. ಆಗ ಲೆಕ್ಕ ನಿಜಕ್ಕೆ ಹತ್ತಿರವಾದರೂ ಗ್ರಾಫ್ ಕೆಳಗೇ ಬೀಳುತ್ತದೆ. ಅಪ್‌ಡೇಟ್ ಆದ ಮೇಲೆ ನಿದ್ದೆ ಜಾಸ್ತಿ ತೋರಿಸ್ತಿದೆ, ಸ್ವಲ್ಪ ಪರೀಕ್ಷೆ ಮಾಡಿ ಅಂತ ಇದುವರೆಗೆ ಒಬ್ಬರೂ ನನ್ನ ಬಳಿ ಬಂದಿಲ್ಲ.

ಅಳತೆಯ ನಿಯಮ ಬದಲಾಗುವುದು ನಮಗೂ ಹೊಸದಲ್ಲ. 1968ರಲ್ಲಿ ಅಮೆರಿಕದ ರೆಕ್ಟ್‌ಶಾಫನ್ ಮತ್ತು ಕೇಲ್ಸ್ ರೂಪಿಸಿದ ನಿಯಮಗಳನ್ನೇ ಸ್ಲೀಪ್ ಲ್ಯಾಬ್‌ಗಳು ಸುಮಾರು 40 ವರ್ಷ ಬಳಸಿದವು. ಅದರಲ್ಲಿ ಗಾಢ ನಿದ್ದೆಗೆ ಮೂರು, ನಾಲ್ಕು ಅಂತ ಎರಡು ಹಂತಗಳಿದ್ದವು. 2007ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಹೊಸ ಕೈಪಿಡಿ ತಂದು ಎರಡನ್ನೂ ಒಂದು ಮಾಡಿತು. ತಲೆಯ ಮುಂಭಾಗದ ಅಲೆಗಳನ್ನೂ ಓದಬೇಕು ಎಂದಿತು. ಒಂದೇ ರೆಕಾರ್ಡಿಂಗನ್ನು ಎರಡೂ ನಿಯಮಗಳಲ್ಲಿ ಓದಿದಾಗ, ಹೊಸದರಲ್ಲಿ ಗಾಢ ನಿದ್ದೆ ಹೆಚ್ಚಾಗಿಯೂ ಎನ್2 ಕಡಿಮೆಯಾಗಿಯೂ ಬಂತು. ಮಲಗಿದ್ದವರ ಮಿದುಳು ಏನೂ ಬೇರೆ ಮಾಡಿರಲಿಲ್ಲ. ಆದರೆ ಲ್ಯಾಬ್‌ನಲ್ಲಿ ಮೂಲ ರೆಕಾರ್ಡಿಂಗ್ ಉಳಿದಿರುತ್ತದೆ, ಬೇಕೆಂದರೆ ಮತ್ತೆ ಓದಬಹುದು. ಯಾವ ನಿಯಮದಲ್ಲಿ ಓದಿದ್ದು ಅಂತ ರಿಪೋರ್ಟ್‌ನಲ್ಲೂ ಬರೆಯುತ್ತೇವೆ. ನನಗೆ ತೋರಿಸುವ ಆ್ಯಪ್‌ಗಳು ಹಾಗೆ ಮಾಡಿರುವುದಿಲ್ಲ. ಹಳೆ ಸೂತ್ರದ ರಾತ್ರಿಗಳನ್ನೂ ಹೊಸ ಸೂತ್ರದ ರಾತ್ರಿಗಳನ್ನೂ ಒಂದೇ ಗೆರೆಯಲ್ಲಿ ಪೋಣಿಸಿಬಿಟ್ಟಿರುತ್ತವೆ. "ಇಲ್ಲಿಂದ ಲೆಕ್ಕ ಬದಲಾಗಿದೆ" ಅಂತ ಒಂದು ಚುಕ್ಕೆ ಇಟ್ಟಿದ್ದರೂ ಎಷ್ಟೋ ಜನರ ಕನ್ಸಲ್ಟೇಶನ್ ಫೀ ಉಳಿಯುತ್ತಿತ್ತು.

ಕಂಪನಿಗಳಿಗೆ ಇಷ್ಟು ಸಲೀಸಾಗಿ ಬದಲಾಯಿಸಲು ಆಗುವುದಕ್ಕೆ ಕಾರಣವಿದೆ. ನಿದ್ದೆಯ ಹಂತ, ಸ್ಲೀಪ್ ಸ್ಕೋರ್ ಇವೆಲ್ಲ ಸಾಮಾನ್ಯವಾಗಿ 'ವೆಲ್‌ನೆಸ್' ಖಾತೆಗೆ ಸೇರುತ್ತವೆ, ವೈದ್ಯಕೀಯ ಸಾಧನದ ಖಾತೆಗಲ್ಲ. ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯ ಸೂಚನೆ ಹಾಗಲ್ಲ. ಅದಕ್ಕೆ ಸ್ಯಾಮ್‌ಸಂಗ್, ಆಪಲ್ ಎರಡೂ 2024ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದವು. ಹೊರಗಿನವರು ಪರೀಕ್ಷಿಸಿದ ಅಂಕಿ, ಪರೀಕ್ಷಿಸದ ಅಂಕಿ ಎರಡೂ ಒಂದೇ ಪರದೆ ಮೇಲೆ ಒಂದೇ ಗತ್ತಿನಲ್ಲಿ ಕಾಣುತ್ತವೆ.

ಹಾಗಂತ ಅಪ್‌ಡೇಟ್‌ನಿಂದ ವಾಚ್ ಕೆಡುವುದೇ ಇಲ್ಲ ಅಂತಲ್ಲ. ಬ್ಯಾಟರಿ ಉಳಿಸಲು ನಾಡಿಯನ್ನು ಬಿಟ್ಟು ಬಿಟ್ಟು ಓದಲು ಶುರು ಮಾಡಿದರೆ ಸುಳಿವುಗಳೇ ಕಡಿಮೆಯಾಗುತ್ತವೆ. ಫೋನ್ ಕೂಡ ಅಪ್‌ಡೇಟ್ ಆಗಿ, ಆ್ಯಪ್‌ಗೆ ಕೊಟ್ಟಿದ್ದ ಅನುಮತಿ ಹೋಗಿರಬಹುದು. ಮಲಗುವ ವೇಳಾಪಟ್ಟಿ ಬದಲಾಗಿರಬಹುದು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ನೈಟ್ ಶಿಫ್ಟ್ ಮಾಡುವವರಿಗೆ ಇದರ ಕಾಟ ಜಾಸ್ತಿ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಮಲಗಿದ್ದು ಕೆಲವು ವಾಚ್‌ಗಳಿಗೆ ಬರೀ 'ನ್ಯಾಪ್'. ಇನ್ನು ಕೆಲವಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಕೆಟ್ಟಿದೆಯೋ ಇಲ್ಲವೋ ಅಂತ ತಿಳಿಯಲು, ನಿಮಗೆ ಖಚಿತವಾಗಿ ಗೊತ್ತಿರುವುದನ್ನು ವಾಚ್ ಹೇಳುತ್ತದಾ ಅಂತ ನೋಡಿ. ಡೀಪ್ ಸ್ಲೀಪ್ ಎಷ್ಟು ಅಂತ ನಿಮಗೂ ಗೊತ್ತಿಲ್ಲ, ಅದನ್ನು ಬಿಡಿ. ಲೈಟ್ ಆರಿಸಿದ್ದು ಎಷ್ಟೊತ್ತಿಗೆ, ಹಾಸಿಗೆ ಬಿಟ್ಟಿದ್ದು ಎಷ್ಟೊತ್ತಿಗೆ, ಬಾತ್‌ರೂಮಿಗೆ ಎದ್ದಿದ್ದಿರಾ, ಮಗು ಅತ್ತು ಎತ್ತಿಕೊಂಡು ಓಡಾಡಿದಿರಾ, ಇಷ್ಟನ್ನು ಒಂದು ವಾರ ದಿನಾ ಬೆಳಿಗ್ಗೆ ಅಂದಾಜಿನಲ್ಲಿ ಕಾಗದದ ಮೇಲೆ ಬರೆಯಿರಿ. ರಾತ್ರಿ ಗಡಿಯಾರ ನೋಡಬೇಡಿ, ಅದರಿಂದಲೇ ನಿದ್ದೆ ಹಾರುತ್ತದೆ. ವಾಚ್ ಏನು ಹೇಳಿದೆ ಅಂತ ನೋಡುವ ಮೊದಲೇ ಬರೆಯಿರಿ. ವಾರ ಮುಗಿದ ಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಸೋಫಾ ಮೇಲೆ ಧಾರಾವಾಹಿ ನೋಡುತ್ತಿದ್ದ ಗಂಟೆ ನಿದ್ದೆಯ ಲೆಕ್ಕಕ್ಕೆ ಬಿದ್ದಿದ್ದರೆ, ಮಗುವನ್ನು ಎತ್ತಿಕೊಂಡು ಓಡಾಡಿದ್ದು ಕಾಣದೇ ಹೋಗಿದ್ದರೆ, ರಾತ್ರಿಯ ನಡುವೆ ಎರಡು ಗಂಟೆ ಖಾಲಿ ಇದ್ದರೆ ಅದು ದೋಷವೇ.

ಆಗ ವಾಚ್‌ನ ಪಟ್ಟಿಯನ್ನು ಸ್ವಲ್ಪ ಬಿಗಿ ಮಾಡಿ, ಹಿಂಬದಿಯ ಗಾಜು ಒರೆಸಿ, ಅನುಮತಿ ಮತ್ತು ವೇಳಾಪಟ್ಟಿ ನೋಡಿ, ವಾಚ್, ಫೋನ್ ಎರಡನ್ನೂ ರೀಸ್ಟಾರ್ಟ್ ಮಾಡಿ. ಮಣಿಕಟ್ಟಿನಲ್ಲಿ ಹಚ್ಚೆ ಇದ್ದರೆ ಇನ್ನೊಂದು ಕೈಗೆ ಕಟ್ಟಿ, ಅದರ ಶಾಯಿ ಬೆಳಕಿಗೆ ಅಡ್ಡ ಬರುತ್ತದೆ. ಆಮೇಲೂ ಸರಿಹೋಗದಿದ್ದರೆ ಕಂಪನಿಗೆ ಬರೆಯಿರಿ. "ನಿದ್ದೆ ಸರಿಯಾಗಿ ತೋರಿಸುತ್ತಿಲ್ಲ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. "ಮಂಗಳವಾರ ರಾತ್ರಿ ಹತ್ತರಿಂದ ಹನ್ನೊಂದರವರೆಗೆ ಟಿವಿ ನೋಡುತ್ತಿದ್ದೆ, ಲೈಟ್ ಸ್ಲೀಪ್ ಎಂದು ತೋರಿಸಿದೆ" ಎಂದು ಬರೆದರೆ ಅವರಿಗೆ ಹುಡುಕಲು ಏನಾದರೂ ಸಿಗುತ್ತದೆ.

ಎಲ್ಲವನ್ನೂ ಅಪ್‌ಡೇಟ್ ಮೇಲೆ ಹಾಕುವ ಮೊದಲು ಮಾತ್ರೆ ಡಬ್ಬವನ್ನೂ ಒಮ್ಮೆ ನೋಡಿ. ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ಶುರು ಮಾಡಿದರೆ ನಾಡಿ ನಿಧಾನವಾಗುತ್ತದೆ. ನಾಡಿ ನೋಡಿ ಊಹಿಸುವ ವಾಚ್‌ನ ಲೆಕ್ಕ ಅದರಿಂದ ತಪ್ಪಬಹುದು. ಹೃದಯದ ಬಡಿತವೇ ಅಡ್ಡಾದಿಡ್ಡಿ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು ನಿದ್ದೆಯ ಹಂತಗಳನ್ನು ನೋಡಲೇಬೇಡಿ ಎನ್ನುತ್ತೇನೆ. ಜ್ವರ ಬಂದರೂ, ರಾತ್ರಿ ಡ್ರಿಂಕ್ಸ್ ತೆಗೆದುಕೊಂಡರೂ ನಾಡಿ ಏರುತ್ತದೆ, ಗ್ರಾಫ್ ಬದಲಾಗುತ್ತದೆ.

ಡೀಪ್ ಸ್ಲೀಪ್ ಎಷ್ಟಿರಬೇಕು ಅಂತ ಕೇಳುವವರಿಗೆ ಒಂದು ಅಂದಾಜು ಕೊಡುತ್ತೇನೆ. ಲ್ಯಾಬ್‌ನಲ್ಲಿ ವಯಸ್ಕರಲ್ಲಿ ಒಟ್ಟು ನಿದ್ದೆಯ ಶೇ 13ರಿಂದ 23ರಷ್ಟು, ಹೆಚ್ಚು ಕಡಿಮೆ, ಗಾಢ ನಿದ್ದೆ ಕಾಣುತ್ತದೆ. ವಯಸ್ಸಾದಂತೆ ಅದು ಇಳಿಯುತ್ತದೆ, ಅರವತ್ತರವರು ಮೊಮ್ಮಗನ ಗ್ರಾಫ್ ಜೊತೆ ಹೋಲಿಸಿಕೊಳ್ಳಬಾರದು. ಅಷ್ಟು ವೈರ್ ಹಾಕಿದ ರೆಕಾರ್ಡಿಂಗನ್ನೇ ಇಬ್ಬರು ಅನುಭವಿಗಳು ಓದಿದರೂ ಐದರಲ್ಲಿ ಸುಮಾರು ಒಂದು ತುಣುಕಿಗೆ ಬೇರೆ ಬೇರೆ ಹೆಸರು ಹಾಕುತ್ತಾರೆ. ಹೀಗಿರುವಾಗ ವಾಚ್‌ನ ಹತ್ತು ನಿಮಿಷದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದು ದಂಡ. ಆದರೂ ಕೆಡಿಸಿಕೊಳ್ಳುತ್ತಾರೆ. 2017ರಲ್ಲಿ ಅಮೆರಿಕದ ತಜ್ಞರು ಇಂಥ ಮೂವರ ಬಗ್ಗೆ ಬರೆದಿದ್ದಾರೆ. ಲ್ಯಾಬ್‌ನಲ್ಲಿ ಗಾಢ ನಿದ್ದೆ ಕಂಡಿದೆ ಎಂದು ಹೇಳಿದರೂ, ಹಾಗಾದರೆ ನನ್ನ ಬ್ಯಾಂಡ್ ಯಾಕೆ ಬೇರೆ ಹೇಳುತ್ತಿದೆ ಅಂತ ಕೇಳಿದವರು ಅವರಲ್ಲಿದ್ದರು. ನಮ್ಮಲ್ಲೂ ಇದ್ದಾರೆ. ಅವರಿಗೆ ಎರಡು ವಾರ ವಾಚ್ ಬಿಚ್ಚಿಟ್ಟು ಮಲಗಿ ಅಂತ ಹೇಳುತ್ತೇನೆ.

ಹಳೆಯ ವರ್ಷನ್‌ಗೆ ವಾಪಸ್ ಹೋಗಬಹುದಾ ಅಂತ ಕೆಲವರು ಕೇಳುತ್ತಾರೆ. ಬಹುತೇಕ ವಾಚ್‌ಗಳಲ್ಲಿ ಅದಕ್ಕೆ ದಾರಿ ಇಲ್ಲ. ಅಪ್‌ಡೇಟ್ ಆದ ತಾರೀಖು ಬರೆದಿಟ್ಟುಕೊಳ್ಳಿ, ಅದರ ಹಿಂದಿನ ಅಂಕಿಗಳನ್ನು ಮುಂದಿನವುಗಳ ಜೊತೆ ಹೋಲಿಸಬೇಡಿ. ಎರಡು ಮೂರು ವಾರ ಕಳೆದ ಮೇಲೆ ಮಲಗಿದ ಸಮಯ, ಎದ್ದ ಸಮಯ, ಒಟ್ಟು ನಿದ್ದೆ, ಇಷ್ಟರ ಸರಾಸರಿ ನೋಡಿದರೆ ಸಾಕು.

ಜೋರಾಗಿ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿ ಏಳುವುದು, ಬೆಳಿಗ್ಗೆ ತಲೆನೋವು, ಗಾಡಿ ಓಡಿಸುವಾಗ ಕಣ್ಣು ಎಳೆಯುವುದು, ಇವು ಇದ್ದರೆ ವಾಚ್ ಚೆನ್ನಾಗಿದೆ ಎಂದರೂ ಡಾಕ್ಟರ ಹತ್ತಿರ ಹೋಗಿ. ಅಪ್ನಿಯಾ ಸೂಚನೆ ಬರಲಿಲ್ಲ ಅಂದ ಮಾತ್ರಕ್ಕೆ ಅಪ್ನಿಯಾ ಇಲ್ಲ ಅಂತಲ್ಲ. ಹೋಗುವಾಗ ಒಂದು ವಾರ ಬರೆದ ಕಾಗದ, ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ನಿಮ್ಮ ಗೊರಕೆ ಬಗ್ಗೆ ವಾಚ್‌ಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತದೆ.