ಬಟ್ಟಲಿನಂಥ ಬಯಲೆಲ್ಲ ಉಲ್ಕೆಯ ಕುಳಿಯಲ್ಲ

ಮಡಿಕೇರಿಯ ರಾಜಾಸೀಟಿನಿಂದ ಕೆಳಗೆ ನೋಡಿದರೆ ಬೆಟ್ಟಗಳ ನಡುವಿನ ಗದ್ದೆಬಯಲು ಬಟ್ಟಲಿನಂತೆ ಕಾಣುತ್ತದೆ. ಉಲ್ಕೆ ಬಿದ್ದು ಆದದ್ದೇನೋ ಎಂದು ಅನುಮಾನ ಬಂದರೆ ತಪ್ಪಿಲ್ಲ, ಆದರೆ ಹೊಳೆ ಕೊರೆದ ಕಣಿವೆಯೂ ದುಂಡಗಿರಬಹುದು. ಕೊಡಗಿನಲ್ಲಿ ದೃಢಪಟ್ಟ ಉಲ್ಕಾಕುಳಿ ಒಂದೂ ಇಲ್ಲ. ಇಲ್ಲಿನದು 300 ಕೋಟಿ ವರ್ಷಕ್ಕೂ ಹಳೆಯ ಬಂಡೆ. ಮಳೆ ಅದನ್ನು ಸವೆಸಿ ಕಾವೇರಿಗೆ ಸಾಗಿಸುತ್ತಲೇ ಇದೆ. ಕುಳಿ ಉಳಿಯಬೇಕಾದರೆ ಬೇಗನೆ ಹೂಳು ಮುಚ್ಚಬೇಕು.

ಮೆಕ್ಸಿಕೋದ ಚಿಕ್ಸುಲುಬ್ ಹಾಗೆ ಮುಚ್ಚಿಹೋದ ಕುಳಿ. ವಯಸ್ಸು 6.6 ಕೋಟಿ ವರ್ಷ, ಅಗಲ ಸುಮಾರು 180 ಕಿ.ಮೀ., ಮೇಲೆ ಹೆಚ್ಚುಕಡಿಮೆ ಒಂದು ಕಿ.ಮೀ. ದಪ್ಪದ ಸುಣ್ಣಕಲ್ಲು.

ಹೂತ ಕುಳಿಯ ಸುಳಿವು ಮೊದಲು ಸಿಗುವುದು ಗುರುತ್ವದಲ್ಲಿ. ನುಚ್ಚುನೂರಾದ ಬಂಡೆ ಹಗುರ, ಅದಿರುವ ಜಾಗದಲ್ಲಿ ಭೂಮಿಯ ಸೆಳೆತ ಒಂದಿಷ್ಟು ಕಡಿಮೆ. ವ್ಯತ್ಯಾಸವನ್ನು ಅಳೆಯುವುದು ಮಿಲಿಗ್ಯಾಲ್‌ನಲ್ಲಿ. ಅದು ಭೂಮಿಯ ಸೆಳೆತದ ಸುಮಾರು ಹತ್ತು ಲಕ್ಷದಲ್ಲೊಂದು ಪಾಲು. ಅಳೆವ ಜಾಗದ ಎತ್ತರ 1 ಮೀಟರ್ ತಪ್ಪಿದರೆ ಸುಮಾರು 0.3 ಮಿಲಿಗ್ಯಾಲ್ ಏರುಪೇರು. ಕೊಡಗಿನಂಥ ಕಡೆ ಪಕ್ಕದ ಬೆಟ್ಟದ ಸೆಳೆತವನ್ನೂ ಲೆಕ್ಕ ಹಾಕಿ ತೆಗೆಯಬೇಕು. ಇಷ್ಟಾದರೂ ಮೋಸಹೋಗಬಹುದು: ಭಾರದ ಬಂಡೆಯ ನಡುವೆ ದುಂಡಗಿನ ಗ್ರಾನೈಟ್ ಇದ್ದರೂ ಅಂಥದೇ ನಕ್ಷೆ ಬರುತ್ತದೆ.

ಆದ್ದರಿಂದ ಕೊರೆಯಲೇಬೇಕು. ಕಾಫಿ ತೋಟದ ಬೋರ್‌ವೆಲ್ ಯಂತ್ರ ಇದಕ್ಕಾಗದು. ಅದು ಬಂಡೆಯನ್ನು ಕುಟ್ಟಿ ಪುಡಿ ಮಾಡಿ ಗಾಳಿಯೊತ್ತಡದಿಂದ ಮೇಲಕ್ಕೆ ಎಸೆಯುತ್ತದೆ, ಬೇರೆಬೇರೆ ಆಳದ ಚೂರುಗಳು ಬೆರೆತುಹೋಗುತ್ತವೆ. ಇಲ್ಲಿ ಬೇಕಾದದ್ದು ವಜ್ರದ ಹರಳು ಕೂರಿಸಿದ ಟೊಳ್ಳು ಬಿಟ್, ಅಂದರೆ ಕೊರೆಯುವ ತುದಿ. ಅದು ಬಂಡೆಯನ್ನು ಇಡಿಯಾಗಿ, ಕೋಲಿನಂತೆ ಕತ್ತರಿಸಿ ತರುತ್ತದೆ. 2016ರಲ್ಲಿ ಚಿಕ್ಸುಲುಬ್‌ನಲ್ಲಿ ಸಮುದ್ರತಳದಿಂದ 1,335 ಮೀಟರ್‌ವರೆಗೆ ಹೀಗೆ ಕೊರೆದಾಗ, ಸುಮಾರು 750 ಮೀಟರಿನಲ್ಲೇ ಗ್ರಾನೈಟ್ ಸಿಕ್ಕಿತು. ಹತ್ತು ಕಿ.ಮೀ.ನಷ್ಟು ಆಳದಲ್ಲಿದ್ದ ಕಲ್ಲು ಅದು, ಉಲ್ಕೆ ಬಡಿದ ಕೆಲವೇ ನಿಮಿಷಗಳಲ್ಲಿ ಮೇಲೆದ್ದು ಬಂದದ್ದು!

ಕೊನೆಯ ಸಾಕ್ಷಿ ಬೆಣಚುಕಲ್ಲು. ಕೋಲಿನ ಚೂರನ್ನು 0.03 ಮಿ.ಮೀ. ದಪ್ಪಕ್ಕೆ ತೇಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ, ಉಲ್ಕೆಯ ಪೆಟ್ಟು ತಿಂದ ಕಣದಲ್ಲಿ ನೇರವಾದ, ಒಂದಕ್ಕೊಂದು ಸಮಾನಾಂತರವಾದ ಗೆರೆಗಳು ಕಾಣುತ್ತವೆ. ಗೆರೆಗಳ ನಡುವೆ ಕೆಲವೇ ಮೈಕ್ರಾನ್ ಅಂತರ, ಒಂದೇ ಕಣದಲ್ಲಿ ಹಲವು ದಿಕ್ಕು. ವಾತಾವರಣದ ಒತ್ತಡದ ಸುಮಾರು ಲಕ್ಷ ಪಟ್ಟು ಬಡಿತವಿಲ್ಲದೆ ಇವು ಮೂಡವು. ಕೊಡಗಿನ ಬಂಡೆಯ ಬೆಣಚಿನಲ್ಲೂ ಪಟ್ಟೆಗಳಿರಬಹುದು, ಆದರೆ ಭೂಮಿಯೊಳಗೆ ನಿಧಾನಕ್ಕೆ ಹಿಂಡಿ ಆದವು ಅಗಲ, ಬಾಗಿದವು. ಹೊಸಬರು ಎಡವುವುದು ಇಲ್ಲೇ. ಒಂದು ಕಣ ನೋಡಿ ತೀರ್ಪು ಕೊಡಬಾರದು. ಹಲವಾರು ಕಣಗಳಲ್ಲಿ ಹರಳಿನ ಅಕ್ಷಕ್ಕೆ ಗೆರೆಗಳು ಮಾಡುವ ಕೋನವನ್ನು ಅಳೆಯಬೇಕು. ಹಿಂದೆ ಜ್ವಾಲಾಮುಖಿಯದೆಂದು ಎಣಿಸಿದ್ದ ಮಧ್ಯಪ್ರದೇಶದ ಢಾಲಾ ಕುಳಿ ಉಲ್ಕೆಯದೆಂದು ಖಚಿತವಾದದ್ದು ಇಂಥ ಗೆರೆಗಳಿಂದ.