ದುರ್ಬಲ ಸಮುದಾಯಗಳ ಶುಶ್ರೂಷೆ: ಪಟ್ಟಿಯ ಆಚೆಗೆ ಒಂದಿಷ್ಟು ಟಿಪ್ಪಣಿ

ನರ್ಸಿಂಗ್ ಓದಿನಲ್ಲಿ ಈ ಅಧ್ಯಾಯ ಬಂತೆಂದರೆ ನಾವೆಲ್ಲ ಮೊದಲು ಮಾಡುವುದು ಪಟ್ಟಿ ಬರೆಯುವ ಕೆಲಸ. ವೃದ್ಧರು, ಗರ್ಭಿಣಿಯರು, ಅಂಗವಿಕಲರು, ವಲಸೆ ಕಾರ್ಮಿಕರು, ಮನೆಯಿಲ್ಲದವರು, ಮಾನಸಿಕ ಕಾಯಿಲೆ ಇರುವವರು, ಜೈಲಿನಲ್ಲಿರುವವರು... ಪಟ್ಟಿ ತಪ್ಪಲ್ಲ, ಅಂಕವೂ ಬರುತ್ತದೆ. ಆದರೆ ಅದನ್ನಷ್ಟೇ ಬಾಯಿಪಾಠ ಮಾಡಿದರೆ ದೌರ್ಬಲ್ಯ ಆ ಮನುಷ್ಯರ ಮೈಯೊಳಗೇ ಇದೆ ಎಂದು ಅನ್ನಿಸಿಬಿಡುತ್ತದೆ. ಪಿಂಚಣಿ ಬರುವ, ಮಗಳು ಪಕ್ಕದಲ್ಲೇ ಇರುವ ಎಂಬತ್ತರ ಅಜ್ಜಿಗಿಂತ, ದಿನಗೂಲಿಗೆ ದುಡಿಯುವ, ಆ ಊರಿನ ಭಾಷೆ ಬಾರದ, ಕೆಮ್ಮು ತಿಂಗಳಾದರೂ ಬಿಡದ ಮೂವತ್ತರ ಯುವಕ ಹೆಚ್ಚು ದುರ್ಬಲನಾಗಿರಬಹುದು. ಪಟ್ಟಿ ನೋಡಿದರೆ ಅಜ್ಜಿ ಒಳಗಿರುತ್ತಾಳೆ, ಅವನು ಹೊರಗಿರುತ್ತಾನೆ.

‘ಅಪಾಯದಲ್ಲಿರುವವರು’, ‘ದುರ್ಬಲರು’ ಎರಡೂ ಒಂದೇ ಅಲ್ಲ. ಬೀಡಿ ಸೇದುವವರೆಲ್ಲ ಶ್ವಾಸಕೋಶದ ಕಾಯಿಲೆಯ ಅಪಾಯದಲ್ಲಿದ್ದಾರೆ. ಹಲವು ಅಪಾಯಗಳು ಒಬ್ಬರ ಮೇಲೇ ಬಿದ್ದು, ಒಂದು ಇನ್ನೊಂದನ್ನು ಬೆಳೆಸುತ್ತಾ, ತಡೆದುಕೊಳ್ಳಲು ಬೇಕಾದ ಆಸರೆಯೂ ಇಲ್ಲದಾಗ ಅದು ದೌರ್ಬಲ್ಯ. ಶುಶ್ರೂಷಾ ಸಂಶೋಧಕರಾದ ಫ್ಲಾಸ್ಕೆರುಡ್ ಮತ್ತು ವಿನ್ಸ್‌ಲೋ 1998ರಲ್ಲಿ ಕೊಟ್ಟ ಮಾದರಿ ಇದನ್ನೇ ಮೂರು ಕಂಬಗಳಲ್ಲಿ ಹೇಳುತ್ತದೆ: ಸಂಪನ್ಮೂಲಗಳ ಲಭ್ಯತೆ, ಸಾಪೇಕ್ಷ ಅಪಾಯ, ಆರೋಗ್ಯ ಸ್ಥಿತಿ. ಸಂಪನ್ಮೂಲವೆಂದರೆ ಹಣ ಒಂದೇ ಅಲ್ಲ. ಕೆಲಸ, ವಸತಿ, ಓದು, ನೆಂಟಸ್ತಿಕೆ, ಸಮಾಜದಲ್ಲಿನ ಸ್ಥಾನ, ಆಸ್ಪತ್ರೆಗೆ ಹೋಗುವ ದಾರಿ ಎಲ್ಲವೂ. ಇವು ಕಡಿಮೆಯಾದಷ್ಟೂ ಅಪಾಯ ಏರುತ್ತದೆ, ಆರೋಗ್ಯ ಕೆಡುತ್ತದೆ. ಕೆಟ್ಟ ಆರೋಗ್ಯ ಕೆಲಸವನ್ನೂ ಉಳಿತಾಯವನ್ನೂ ತಿಂದುಹಾಕುತ್ತದೆ. ಮಾದರಿಯ ಚಿತ್ರ ಬರೆಯುವಾಗ ಆರೋಗ್ಯದಿಂದ ಸಂಪನ್ಮೂಲಕ್ಕೆ ಹಿಂತಿರುಗುವ ಈ ಬಾಣವನ್ನು ಮರೆಯಬೇಡಿ. ಇನ್ನೊಂದು ಗೊಂದಲ: ಸಾಂಕ್ರಾಮಿಕಶಾಸ್ತ್ರದ ಪಾಠದಲ್ಲಿ ಸಾಪೇಕ್ಷ ಅಪಾಯ ಎಂದರೆ ಒಂದು ಅನುಪಾತ, ಲೆಕ್ಕ ಮಾಡಿ ತೆಗೆಯುವ ಸಂಖ್ಯೆ. ಇಲ್ಲಿ ಅದು ಆ ಗುಂಪು ಎದುರಿಸುತ್ತಿರುವ ಅಪಾಯಕಾರಿ ಅಂಶಗಳ ಒಟ್ಟು ಹೊರೆ. ಹೆಸರು ಒಂದೇ, ಅರ್ಥ ಬೇರೆ.

ಮಾದರಿ ತಲೆಗೆ ಹತ್ತದಿದ್ದರೆ 1902ರ ನ್ಯೂಯಾರ್ಕ್ ನೆನಪಿಡಿ. ನನಗೆ ವಿಷಯ ಬಿಡಿಸಿಕೊಂಡದ್ದು ಅಲ್ಲಿಯೇ. ಆಗ ಶಾಲೆಗಳಿಗೆ ವೈದ್ಯರು ಬಂದು ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ಟ್ರಕೋಮ (ಕಣ್ಣಿನ ಅಂಟುರೋಗ), ಹುಳುಕಡ್ಡಿ, ಹೇನು ಕಂಡರೆ ಮಗುವನ್ನು ಮನೆಗೆ ಕಳಿಸುತ್ತಿದ್ದರು. ರೋಗನಿರ್ಣಯ ಸರಿ, ನಿಯಮವೂ ಸರಿ. ಆದರೆ ಮನೆಯಲ್ಲಿ ಚಿಕಿತ್ಸೆ ಕೊಡುವವರೇ ಇರಲಿಲ್ಲ. ತಾಯಂದಿರಲ್ಲಿ ಅನೇಕರು ಆಗತಾನೇ ವಲಸೆ ಬಂದವರು, ಕೈಗೆ ಕೊಟ್ಟ ಚೀಟಿ ಓದಲು ಬಾರದು. ಮಗುವಿಗೆ ಪಾಠ ತಪ್ಪುತ್ತಿತ್ತು, ಸಂಜೆ ಬೀದಿಯಲ್ಲಿ ಅದೇ ಗೆಳೆಯರ ಜೊತೆ ಆಟ ತಪ್ಪುತ್ತಿರಲಿಲ್ಲ! ಬಡವರ ನೆರವಿಗೆ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಎಂಬ ಕೇಂದ್ರ ಕಟ್ಟಿದ ನರ್ಸ್ ಲಿಲಿಯನ್ ವಾಲ್ಡ್, ತಮ್ಮ ತಂಡದ ಲೀನಾ ರೋಜರ್ಸ್ ಅವರನ್ನು ನಾಲ್ಕು ಶಾಲೆಗಳಿಗೆ ಒಂದು ತಿಂಗಳ ಪ್ರಯೋಗಕ್ಕೆ ಕಳಿಸಿದರು. ರೋಜರ್ಸ್ ಸಣ್ಣಪುಟ್ಟದಕ್ಕೆ ಶಾಲೆಯಲ್ಲೇ ಔಷಧಿ ಹಚ್ಚಿದರು, ಉಳಿದ ಮಕ್ಕಳ ಮನೆಗೆ ಹೋಗಿ ತಾಯಂದಿರಿಗೆ ಮಾಡಿ ತೋರಿಸಿದರು. ಮಕ್ಕಳು ತರಗತಿಗೆ ಮರಳಿದರು, ನಗರಾಡಳಿತ ಇನ್ನಷ್ಟು ಶಾಲಾ ನರ್ಸುಗಳನ್ನು ನೇಮಿಸಿತು. ಹೊಸ ಔಷಧಿ ಏನೂ ಬಂದಿರಲಿಲ್ಲ. ಚೀಟಿಗೂ ಮನೆಗೂ ನಡುವೆ ಇದ್ದ ಅಂತರವನ್ನು ಒಬ್ಬರು ನಡೆದು ದಾಟಿದರು, ಅಷ್ಟೇ.

ಅಂಥ ಅಂತರಗಳು ಕೇಸ್ ಶೀಟಿನಲ್ಲಿ ಕಾಣುವುದಿಲ್ಲ. ಹೃದಯದ ತೊಂದರೆಗೆ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದಾರೆ, ರೋಗಿ ನುಂಗುತ್ತಿಲ್ಲ. ‘ಮಾತು ಕೇಳದ ರೋಗಿ’ ಎಂದು ಬರೆಯುವುದು ಸುಲಭ. ಕೇಳಿ ನೋಡಿದರೆ, ಅವರು ಬೀದಿಯಲ್ಲಿ ಮಲಗುವವರು; ಹತ್ತಿರದಲ್ಲಿ ಶೌಚಾಲಯವಿಲ್ಲ. ಮಾತ್ರೆ ಬಿಟ್ಟದ್ದು ಅವರ ಮಟ್ಟಿಗೆ ಸರಿಯಾದ ಲೆಕ್ಕವೇ. ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂದು ಕಲಿಸುತ್ತೇವೆ, ಫ್ರಿಜ್ ಇದೆಯೇ ಎಂದು ಕೇಳುವುದಿಲ್ಲ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ; ಪ್ರತಿ ಭೇಟಿಗೂ ಒಂದು ದಿನದ ಕೂಲಿ ಹೋಗುವುದಾದರೆ, ಕೆಮ್ಮು ನಿಂತ ಎರಡನೇ ತಿಂಗಳಿಗೇ ಔಷಧಿಯೂ ನಿಲ್ಲುತ್ತದೆ.

ಸೇವೆಯ ಕಡೆಯಿಂದ ಇದನ್ನೇ ನೋಡಿದವರು ವೇಲ್ಸ್‌ನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್. ಅವರು 1971ರಲ್ಲಿ ‘ವಿಲೋಮ ಆರೈಕೆ ನಿಯಮ’ ಎಂದು ಕರೆದದ್ದರ ತಿರುಳು: ಒಳ್ಳೆಯ ಆರೈಕೆಯ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿ ಅದು ಸಿಗುವುದು ಕಡಿಮೆ. ತಡೆಗಟ್ಟುವಿಕೆಯ ಮೂರು ಹಂತಗಳು (ರೋಗ ಬಾರದಂತೆ, ಬೇಗ ಹಿಡಿಯುವಂತೆ, ಹಾನಿ ಕಡಿಮೆಯಾಗುವಂತೆ) ನಿಮಗೆ ಗೊತ್ತೇ ಇವೆ, ಮತ್ತೆ ಬರೆಯುವುದಿಲ್ಲ. ಈ ನಿಯಮವನ್ನು ಅವುಗಳ ಪಕ್ಕದಲ್ಲಿಟ್ಟು ಓದಿ. ಎಲ್ಲರಿಗೂ ಒಂದೇ ಎಂದು ತಪಾಸಣಾ ಶಿಬಿರ ಹಾಕಿದರೆ ಮೊದಲು ಬಂದು ಸಾಲಲ್ಲಿ ನಿಲ್ಲುವವರು ಬಿಡುವೂ ಮಾಹಿತಿಯೂ ಇರುವವರು. ಸಮಾನತೆ (ಎಲ್ಲರಿಗೂ ಒಂದೇ ಅಳತೆ) ಬೇರೆ, ಸಮತೆ (ಅಗತ್ಯಕ್ಕೆ ತಕ್ಕಷ್ಟು) ಬೇರೆ ಎಂಬ ಪ್ರಶ್ನೆಗೆ ಈ ಉದಾಹರಣೆ ಸಾಕು.

ಮನೆ ಭೇಟಿಯಲ್ಲಿ ಬ್ಯಾಗ್ ಟೆಕ್ನಿಕ್‌ಗೆ (ನರ್ಸಿನ ಚೀಲವನ್ನು ಸೋಂಕು ಹರಡದಂತೆ ಬಳಸುವ ಕ್ರಮಕ್ಕೆ) ನಾವು ಕೊಡುವ ಗಮನ ನಂಬಿಕೆ ಗಳಿಸುವುದಕ್ಕೆ ಕೊಡುವುದಿಲ್ಲ. ಬಾಸ್ಟನ್‌ನಲ್ಲಿ 1985ರಲ್ಲಿ ಮನೆಯಿಲ್ಲದವರ ಚಿಕಿತ್ಸೆಗೆ ಬಂದ ಯುವ ವೈದ್ಯ ಜಿಮ್ ಓ’ಕಾನಲ್ ಅವರಿಗೆ, ಅಲ್ಲಿನ ನರ್ಸುಗಳು ಸ್ಟೆತಸ್ಕೋಪ್ ಪಕ್ಕಕ್ಕಿಡಿಸಿ ರೋಗಿಗಳ ಪಾದ ನೆನೆಸುವ ಕೆಲಸ ಹಚ್ಚಿದರು. ದಿನವಿಡೀ ನಡೆದ ಕಾಲುಗಳಿಗೆ ಅದು ನಿಜಕ್ಕೂ ಚಿಕಿತ್ಸೆ. ಜೊತೆಗೆ, ಪಾದದ ಬಳಿ ಕೂತವರು ಕೇಳಿಸಿಕೊಳ್ಳಲೇಬೇಕು. ವೈದ್ಯರನ್ನು ದೂರವಿಟ್ಟಿದ್ದವರೂ ನಿಧಾನವಾಗಿ ಮಾತಾಡತೊಡಗಿದರು.

ಇನ್ನು, ಪ್ರಶ್ನೆಪತ್ರಿಕೆಯಲ್ಲಿ ಬಾರದ ವಿಷಯ: ನರ್ಸಿನ ದಣಿವು. ಲಿವರ್‌ಪೂಲ್‌ನ ವಿಲಿಯಂ ರಾತ್‌ಬೋನ್ 1859ರಲ್ಲಿ, ತಮ್ಮ ಪತ್ನಿಯನ್ನು ಕೊನೆಗಾಲದಲ್ಲಿ ನೋಡಿಕೊಂಡಿದ್ದ ಮೇರಿ ರಾಬಿನ್ಸನ್ ಅವರನ್ನು ಬಡವರ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡಲು ಮೂರು ತಿಂಗಳಿಗೆ ನೇಮಿಸಿದರು. ಒಂದೇ ತಿಂಗಳಿಗೆ ಆಕೆ ಅಳುತ್ತಾ ಬಂದು, ಈ ದುಃಖ ನೋಡಲಾರೆ, ಬಿಟ್ಟುಬಿಡಿ ಎಂದರು. ರಾತ್‌ಬೋನ್ ಆಕೆಯನ್ನು ಒಪ್ಪಿಸಿ ಕಳಿಸಿದರು, ಅವಧಿ ಮುಗಿಯುವ ಹೊತ್ತಿಗೆ ಆಕೆಗೇ ಆ ಕೆಲಸ ಬಿಡಲು ಮನಸ್ಸಿರಲಿಲ್ಲ. ಜಿಲ್ಲಾ ಶುಶ್ರೂಷೆಯ (ರೋಗಿಗಳ ಮನೆಗೇ ಹೋಗಿ ಮಾಡುವ ಶುಶ್ರೂಷೆಯ) ಚರಿತ್ರೆ ಶುರುವಾಗುವುದೇ ಆ ಅಳುವಿನಿಂದ. ಫೀಲ್ಡ್ ಪೋಸ್ಟಿಂಗ್‌ನ ಮೊದಲ ವಾರ ನಿಮಗೂ ಹಾಗನ್ನಿಸಿದರೆ ಸೂಪರ್‌ವೈಸರ್ ಹತ್ತಿರ ಹೇಳಿ, ನುಂಗಿಕೊಳ್ಳಬೇಡಿ.

ಕೊನೆಗೆ, ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ) ಬರೆಯುವಾಗ ನಾನು ರೂಢಿಸಿಕೊಂಡದ್ದು ಹೇಳುತ್ತೇನೆ. ರೋಗಿಯ ತೊಂದರೆ ಮತ್ತು ಅದರ ಕಾರಣ ಬರೆಯುವ ನರ್ಸಿಂಗ್ ಡಯಾಗ್ನೋಸಿಸ್‌ನಲ್ಲಿ ‘ಅರಿವಿನ ಕೊರತೆಯಿಂದ’ ಎಂದು ಬರೆಯಲು ಪೆನ್ನು ಹೋದಾಗಲೆಲ್ಲ ಒಮ್ಮೆ ನಿಲ್ಲಿಸುತ್ತೇನೆ. ಅರಿವಿದ್ದರೂ ಇವರು ಮಾಡಲಾಗದ್ದು ಯಾವುದು ಎಂದು ಕೇಳಿಕೊಂಡರೆ ಆ ಜಾಗಕ್ಕೆ ಬಹಳ ಸಲ ಬೇರೆಯೇ ಪದ ಬರುತ್ತದೆ: ಶೌಚಾಲಯ, ಬಸ್ಸು, ಕೂಲಿ, ಭಾಷೆ.