ಇಂಪೀರಿಯಲ್ ಪಾರಿವಾಳ: ಭೀಮಗಡದ ಕಾಡಿನ ಹಣ್ಣುಬಾಕ

ಮಳೆಕಾಡಿನ ಎತ್ತರದ ಮರಗಳಲ್ಲಿ ಹಣ್ಣು ತಿಂದುಕೊಂಡು ಬದುಕುವ ದೊಡ್ಡ ಪಾರಿವಾಳಗಳ ಒಂದು ಗುಂಪಿದೆ. ಅವೇ ಇಂಪೀರಿಯಲ್ ಪಾರಿವಾಳಗಳು. ಪಕ್ಷಿಶಾಸ್ತ್ರದಲ್ಲಿ ಈ ಕುಲಕ್ಕೆ ಡುಕುಲಾ ಎಂದು ಹೆಸರು. ಭಾರತದಿಂದ ಇಂಡೋನೇಷ್ಯಾ ದಾಟಿ ಪೆಸಿಫಿಕ್ ದ್ವೀಪಗಳವರೆಗೂ ಇವು ಹರಡಿಕೊಂಡಿವೆ.

ಇಷ್ಟು ದೂರದ ಹೆಸರು ಕೇಳಿ ನಮಗೇನು ಸಂಬಂಧ ಅಂದುಕೊಳ್ಳಬೇಡಿ. ಬೆಳಗಾವಿ ಜಿಲ್ಲೆಯಲ್ಲೇ ಈ ಹಕ್ಕಿ ಇದೆ. ನಮ್ಮ ಜಿಲ್ಲೆ ಎಂದರೆ ಸವದತ್ತಿಯ ಎರೆಹೊಲ, ಬೈಲಹೊಂಗಲದ ಜೋಳ ಮಾತ್ರ ಅಲ್ಲವಲ್ಲ. ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿ ಕಡೆ ಹೋದರೆ ಸಹ್ಯಾದ್ರಿ ಶುರುವಾಗುತ್ತದೆ. ಮಲಪ್ರಭೆ ಹುಟ್ಟುವುದು ಅಲ್ಲೇ. 2011ರಲ್ಲಿ ಅಭಯಾರಣ್ಯವಾದ ಭೀಮಗಡ ಇರುವುದೂ ಅದೇ ತಾಲ್ಲೂಕಿನಲ್ಲಿ. ಸುಮಾರು 190 ಚದರ ಕಿಲೋಮೀಟರ್ ಕಾಡು. ಮಹದಾಯಿಯ ನೀರೂ ಇಲ್ಲಿಂದಲೇ ಗೋವಾ ಕಡೆಗೆ ಇಳಿಯುತ್ತದೆ. ವರ್ಷವಿಡೀ ಎಲೆ ಹಸಿರಾಗಿರುವ ಮರಗಳು, ಒಂದಲ್ಲ ಒಂದು ಮರದಲ್ಲಿ ಹಣ್ಣು. ಇಂಪೀರಿಯಲ್ ಪಾರಿವಾಳಕ್ಕೆ ಬೇಕಾಗಿರುವುದು ಇಷ್ಟೇ.

ಇಲ್ಲಿಯದು ಬೆಟ್ಟದ ಇಂಪೀರಿಯಲ್ ಪಾರಿವಾಳ. ಪಶ್ಚಿಮ ಘಟ್ಟದ ಹಕ್ಕಿಗಳನ್ನು ಈಚೆಗೆ ಬೇರೆಯೇ ಪ್ರಭೇದವೆಂದು ಪರಿಗಣಿಸಿ ಮಲಬಾರ್ ಇಂಪೀರಿಯಲ್ ಪಾರಿವಾಳ ಎಂದೂ ಕರೆಯುತ್ತಾರೆ. ನಮ್ಮ ಕಟ್ಟಡಗಳ ಸಂದಿಯಲ್ಲಿ ಗೂಡು ಮಾಡುವ ಪಾರಿವಾಳ ಒಂದಡಿ ಇದ್ದರೆ ಇದು ಒಂದೂವರೆ ಅಡಿಯ ಹತ್ತಿರ. ತಲೆ ಬೂದು, ಗಂಟಲು ಬಿಳಿ, ಬೆನ್ನು ಕಂದು, ಕಾಲು ಕೆಂಪು. ಬಾಲದ ತುದಿಗೆ ಮಾಸಲು ಬಣ್ಣದ ಅಗಲವಾದ ಪಟ್ಟಿ.

ಇದರ ಬಾಯಿಯನ್ನು ಸ್ವಲ್ಪ ಗಮನಿಸಬೇಕು. ಕೊಕ್ಕು ಸಣಕಲು. ಇಂಥ ಕೊಕ್ಕಿನಲ್ಲಿ ಏನು ತಿಂದೀತು ಅನ್ನಿಸುತ್ತದೆ. ಆದರೆ ಬಾಯಿಯ ಬುಡ ಹಿಗ್ಗುತ್ತದೆ. ಕಾಡುಜಾಯಿಕಾಯಿಯ ಸಿಪ್ಪೆ ಬಿರಿದು ಕೆಂಪು ಪತ್ರೆ ಕಂಡಾಗ, ಪತ್ರೆ ಸುತ್ತಿದ ಬೀಜವನ್ನು ಇಡಿಯಾಗಿ ಕಿತ್ತು ನುಂಗಿಬಿಡುತ್ತದೆ. ಕಚ್ಚುವುದೂ ಇಲ್ಲ, ಕುಟ್ಟುವುದೂ ಇಲ್ಲ. ಆಲ, ಅತ್ತಿ, ನೇರಳೆ ಜಾತಿಯ ಹಣ್ಣುಗಳೂ ಹೀಗೇ ಒಳಗೆ ಹೋಗುತ್ತವೆ.

ಊರಿನ ಪಾರಿವಾಳ ಕಾಳು ತಿನ್ನುವ ಹಕ್ಕಿ. ಅದು ಸಣ್ಣ ಹರಳುಗಳನ್ನೂ ನುಂಗಿರುತ್ತದೆ. ಹೊಟ್ಟೆಯ ಗಟ್ಟಿ ಸ್ನಾಯು ಆ ಹರಳುಗಳ ಜೊತೆ ಸೇರಿ ಬೀಸುಕಲ್ಲಿನ ಹಾಗೆ ಕಾಳನ್ನು ನುರಿದು ಹಾಕುತ್ತದೆ. ಇಂಪೀರಿಯಲ್ ಪಾರಿವಾಳದ ಹೊಟ್ಟೆ ಹಾಗಲ್ಲ. ಸ್ನಾಯು ತೆಳು, ಕರುಳು ಗಿಡ್ಡ ಮತ್ತು ಅಗಲ. ಮೇಲಿನ ತಿರುಳು, ಪತ್ರೆ ಮಾತ್ರ ಅರಗುತ್ತದೆ. ಬೀಜಕ್ಕೆ ಏನೂ ಆಗುವುದಿಲ್ಲ. ಹಕ್ಕಿ ಹಾರಿ ಹೋಗಿ ಕೂತ ಇನ್ನೊಂದು ಮರದ ಕೆಳಗೆ ಅದು ಬೀಳುತ್ತದೆ. ಹಣ್ಣು ತಾಯಿಮರದ ಬುಡದಲ್ಲೇ ಉದುರಿದರೆ ಇಲಿ, ಹುಳುಗಳ ಪಾಲಾಗುವುದೇ ಜಾಸ್ತಿ. ಮೊಳೆತರೂ ನೆರಳಲ್ಲಿ ಸೊರಗುತ್ತದೆ.

ಹಣ್ಣು ತಿನ್ನುವ ಪಾರಿವಾಳಗಳೆಲ್ಲ ಹೀಗೆ ಬೀಜ ಬಿತ್ತುತ್ತವೆ ಅಂತ ಮಾತ್ರ ತಿಳಿಯಬಾರದು. ಹಸಿರು ಪಾರಿವಾಳಗಳು ಗುಂಪುಗುಂಪಾಗಿ ಆಲದ ಮರಕ್ಕೆ ಬಂದು ಹಣ್ಣು ತಿನ್ನುತ್ತವೆ, ಒಳಗಿನ ಸಣ್ಣ ಬೀಜಗಳನ್ನೂ ಅರೆದು ಅರಗಿಸಿಕೊಳ್ಳುತ್ತವೆ. ಮರಕ್ಕೆ ಅವುಗಳಿಂದ ಲಾಭ ಕಡಿಮೆ. ದೊಡ್ಡ ಬೀಜದ ಮರಗಳ ಪಾಲಿಗಂತೂ ದಿಕ್ಕು ಎಂದರೆ ಮಂಗಟ್ಟೆ ಮತ್ತು ಇಂಪೀರಿಯಲ್ ಪಾರಿವಾಳದಂಥ ಕೆಲವೇ ಹಕ್ಕಿಗಳು. ಸಣ್ಣ ಹಕ್ಕಿಯ ಗಂಟಲಲ್ಲಿ ಆ ಬೀಜ ಇಳಿಯುವುದೇ ಇಲ್ಲ. ಅದಕ್ಕೇ, ಈ ಪಾರಿವಾಳವನ್ನು ಬೇಟೆಯಾಡಿ ಕಳೆದುಕೊಂಡ ಕಾಡು ಇವತ್ತು ಹಸಿರಾಗಿ ಕಂಡರೂ ಅದರ ಮುಂದಿನ ಪೀಳಿಗೆಯ ಮರಗಳು ಕಡಿಮೆಯಾಗುತ್ತಾ ಹೋಗುತ್ತವೆ. ನನಗೆ ಇದು ನಿಜಕ್ಕೂ ಭಯ ಹುಟ್ಟಿಸುವ ವಿಷಯ.

ಹಣ್ಣಿನ ಊಟಕ್ಕೆ ಒಂದು ಕೊರತೆ ಇದೆ. ಪ್ರೋಟೀನ್ ಕಡಿಮೆ. ಹಣ್ಣು ತಿನ್ನುವ ಬೇರೆ ಎಷ್ಟೋ ಹಕ್ಕಿಗಳು ಮರಿಗಳಿಗೆಂದು ಹುಳ ಹಿಡಿದು ತರುತ್ತವೆ. ಪಾರಿವಾಳ ಹಾಗೆ ಮಾಡುವುದಿಲ್ಲ. ಅದಕ್ಕೆ ಹಾಲಿದೆ! ಕಾಳು, ಹಣ್ಣು ಕೂಡಿಡುವ ಕತ್ತಿನ ಚೀಲದ ಒಳಪದರದಿಂದ ಗಿಣ್ಣಿನಂಥ ಪದಾರ್ಥ ಕಳಚಿ ಬರುತ್ತದೆ. ಪ್ರೋಟೀನ್, ಕೊಬ್ಬು ತುಂಬಿದ ಇದನ್ನೇ ಪಾರಿವಾಳದ ಹಾಲು ಅನ್ನುವುದು. ಮರಿ ತಾಯಿಯ ಬಾಯೊಳಗೆ ಕೊಕ್ಕು ತೂರಿಸಿ ಕುಡಿಯುತ್ತದೆ. ತಾಯಿ ಮಾತ್ರ ಅಲ್ಲ, ಅಪ್ಪನಿಗೂ ಹಾಲು ಬರುತ್ತದೆ. ಹಕ್ಕಿಗಳಲ್ಲಿ ಪಾರಿವಾಳದ ಕುಟುಂಬ ಬಿಟ್ಟರೆ ರಾಜಹಂಸ (ಫ್ಲೆಮಿಂಗೊ) ಮತ್ತು ಗಂಡು ಎಂಪರರ್ ಪೆಂಗ್ವಿನ್‌ಗೆ ಮಾತ್ರ ಇಂಥದ್ದು ಸಾಧ್ಯ.

ಇಷ್ಟಾದರೂ ಸಾಮಾನ್ಯವಾಗಿ ಮೊಟ್ಟೆ ಒಂದೇ. ಊರಿನ ಪಾರಿವಾಳ ಎರಡೆರಡು ಮೊಟ್ಟೆ ಇಟ್ಟು ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಇದು ಮರದ ಮೇಲೆ ನಾಲ್ಕು ಕಡ್ಡಿ ಜೋಡಿಸಿ, ಸುಮ್ನೆ ಹರವಿದಂತೆ ಕಾಣುವ ಗೂಡಿನಲ್ಲಿ ಒಂದೇ ಒಂದು ಬಿಳಿ ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ. ಒಂದು ಹಕ್ಕಿ ಸತ್ತರೆ ಆ ಜಾಗ ತುಂಬುವುದಕ್ಕೆ ಬಹಳ ಕಾಲ ಹಿಡಿಯುತ್ತದೆ.

ಭೀಮಗಡದ ಕಡೆ ಹೋದಾಗ ಇದನ್ನು ನೆಲದ ಮೇಲೆ ಹುಡುಕಬೇಡಿ. ಬೆಳಿಗ್ಗೆ ಬೇಗ, ಕಾಡಿನ ಮೇಲಕ್ಕೆ ಚಾಚಿಕೊಂಡ ಒಣ ಕೊಂಬೆಗಳ ಕಡೆ ಕಣ್ಣಿಡಿ. ಮೊದಲು ಸಿಗುವುದು ದನಿ: ಗಂಟಲ ಆಳದಿಂದ ಬರುವ ಹೂಂಕಾರ, ಬಹಳ ದೂರ ಕೇಳುತ್ತದೆ. ಘಟ್ಟದಲ್ಲಿ ಇದೇ ಕುಲದ ಹಸಿರು ಇಂಪೀರಿಯಲ್ ಪಾರಿವಾಳವೂ ಇದೆ. ಬೆನ್ನು, ರೆಕ್ಕೆ ಹೊಳೆಯುವ ಹಸಿರಾಗಿದ್ದರೆ ಅದು. ಕಂದಾಗಿದ್ದು, ಬಾಲದ ತುದಿಯಲ್ಲಿ ಮಾಸಲು ಪಟ್ಟಿ ಕಂಡರೆ ಬೆಟ್ಟದ್ದು.